ಹೊಸ ಫೋನು ಕಂಡ ಹಲ್ಲು

ಮೇಜಿನ ಮೇಲೆ ಫೋನು ನಡುಗತೊಡಗಿದಾಗ ಅವನ ಎರಡೂ ಕೈಗಳಿಗೆ ಪಿಂಗಾಣಿಯ ಹುಡಿ ಮೆತ್ತಿಕೊಂಡಿತ್ತು, ಮೂಗಿನ ಮೇಲೆ ಮಾಸ್ಕಿತ್ತು, ಕಣ್ಣಿನ ಮುಂದೆ ಭೂತಕನ್ನಡಿ ಇಳಿಬಿದ್ದಿತ್ತು. ಪರದೆಯ ಮೇಲೆ ‘ಅತ್ತಿಗೆ’ ಎಂದು ಮೂಡಿತ್ತು. ಹಳೆಯ ಫೋನಿನಲ್ಲಾದರೆ ಹಸಿರು ಗುಂಡಿಯನ್ನು ಬಲಕ್ಕೆ ಎಳೆದರೆ ಸಾಕು, ಮಾತು ಬರುತ್ತಿತ್ತು. ಹೊಸದರಲ್ಲಿ ಮೇಲಕ್ಕೆ ಎಳೆಯಬೇಕು. ಇದು ಅವನಿಗೆ ಗೊತ್ತಿತ್ತು, ಅವನ ಬೆರಳಿಗೆ ಗೊತ್ತಿರಲಿಲ್ಲ. ಹುಡಿ ತಗಲದ ಕಿರುಬೆರಳಿನಿಂದ ಬಲಕ್ಕೆ ಎಳೆದ, ಫೋನು ಜಗ್ಗಲಿಲ್ಲ. ಎಡಕ್ಕೆ ಎಳೆದ. ಆಮೇಲೆ ಗಾಬರಿಯಲ್ಲಿ ಕೆಳಕ್ಕೆ ಎಳೆದುಬಿಟ್ಟ, ಅತ್ತಿಗೆ ಕಟ್ಟಾದರು. ಬೆಳಗಿನಿಂದ ಇದು ಮೂರನೆಯ ಸಲ. ಮೂರು ಸಲವೂ ಮಾಡಿದವರು ಅವರೇ, ಕತ್ತರಿಸಿದವನು ಇವನೇ. ಪಿಂಗಾಣಿ ಹುಡಿ ಮಾರುವ ಕಂಪನಿಯವನನ್ನು ಹೀಗೆ ಕತ್ತರಿಸಿದ್ದರೆ ಒಳಗೊಳಗೇ ಖುಷಿಪಡುತ್ತಿದ್ದನೋ ಏನೋ. ಆದರೆ ಆ ಮಹಾಶಯನ ಕರೆ ಬಂದಾಗ ಮಾತ್ರ ಬೆರಳು ಸರಿಯಾಗಿ ಮೇಲಕ್ಕೇ ಹೋಗಿತ್ತು.

ತಿರುಗಿ ಮಾಡೋಣವೆಂದರೆ ಫೋನು ಬೀಗ ಹಾಕಿಕೊಂಡು ಕೂತಿತ್ತು. ಅದಕ್ಕೆ ಅವನ ಮುಖ ಬೇಕು. ಮುಖ ತೋರಿಸಿದ, ಗುರುತು ಸಿಗಲಿಲ್ಲ ಎಂದಿತು. ಭೂತಕನ್ನಡಿ ಮೇಲೆತ್ತಿ ತೋರಿಸಿದ, ಮಾಸ್ಕನ್ನು ಗಲ್ಲಕ್ಕಿಳಿಸಿ ತೋರಿಸಿದ, ಬೆಳಕಿನ ಕಡೆ ತಿರುಗಿ ತೋರಿಸಿದ. ಐವತ್ತರ ಹತ್ತಿರದ ಗಂಡಸು, ಕಟ್ಟಡದ ಮೇಲಂತಸ್ತಿನ ಕೋಣೆಯಲ್ಲಿ ಒಬ್ಬನೇ ಕೂತು, ಅಂಗೈಯಗಲದ ಗಾಜಿನ ಎದುರು ನಾನೇ, ನಾನೇ ಎಂದು ಕತ್ತು ಚಾಚುವುದು ಅವನಿಗೇ ನಗೆಪಾಟಲಾಗಿ ಕಂಡಿತು. ಕೊನೆಗೆ ಅದು ಗುಪ್ತಸಂಖ್ಯೆ ಕೇಳಿತು. ಒದ್ದೆ ಬಟ್ಟೆಯಲ್ಲಿ ಕೈ ಒರೆಸಿಕೊಂಡು ಒತ್ತಿದ. ಹೆಸರುಗಳ ಪಟ್ಟಿಯಲ್ಲಿ ಪ್ರತಿಯೊಬ್ಬರೂ ಎರಡೆರಡು ಸಲ ಇದ್ದರು. ಹಳೆಯದರಿಂದ ಹೊಸದಕ್ಕೆ ಸಾಗಿಸುವಾಗ ಏನೋ ಎಡವಟ್ಟಾಗಿ ಊರಿಗೆ ಊರೇ ಅವಳಿಜವಳಿಯಾಗಿತ್ತು. ಇಬ್ಬರು ಅತ್ತಿಗೆಯರಲ್ಲಿ ಮೊದಲಿನವರನ್ನು ಒತ್ತಿದ.

“ತಪ್ಪಿ ಕಟ್ಟಾಯ್ತು ಅತ್ತಿಗೆ.”

“ಗೊತ್ತು ಬಿಡು ಮರಿ. ಏನಿಲ್ಲ, ಸಂಜೆ ಐದಕ್ಕೇ ಬರಬೇಕಲ್ವಾ ಅಂತ ಕೇಳೋಕೆ ಮಾಡ್ದೆ. ಫೋನ್ ಹೇಗಿದೆ?”

“ಪರವಾಗಿಲ್ಲ.”

“ಪರವಾಗಿಲ್ಲ ಅಂದ್ರೆ?”

“ಪರವಾಗಿಲ್ಲ ಅತ್ತಿಗೆ. ಐದಕ್ಕೆ ಬನ್ನಿ.”

ಸಂಜೆ ಎನ್ನುವಾಗ ಅವರ ಬಾಯಿಂದ ಅಕ್ಷರದ ಜೊತೆಗೆ ಗಾಳಿ ಸೋರಿತ್ತು. ಮೇಲಿನ ಸಾಲಿನ ಮುಂಭಾಗದ ಹಲ್ಲು ಮುರಿದಂದಿನಿಂದ ಹಾಗೆಯೇ. ಹಲ್ಲಿನ ಡಾಕ್ಟರಮ್ಮ ತಾತ್ಕಾಲಿಕವಾಗಿ ಕೂರಿಸಿದ್ದ ಪ್ಲಾಸ್ಟಿಕ್ಕಿನ ಕ್ಯಾಪು ಬಿಸ್ಕತ್ತು ಕಚ್ಚುವಾಗ ಕಳಚಿ ಬಂದಿತ್ತು, ಮತ್ತೆ ಹಾಕಿಸಿಕೊಳ್ಳಲು ಅವರು ಒಪ್ಪಿರಲಿಲ್ಲ. ಆಮೇಲೆ ಅವರು ಬಾಯಿಗೆ ಅಂಗೈ ಅಡ್ಡ ಹಿಡಿಯದೆ ಮಾತಾಡಿದ್ದನ್ನು ಅವನು ಕಂಡಿರಲಿಲ್ಲ. ಈಗ, ಯಾರೂ ನೋಡದ ಫೋನಿನಲ್ಲೂ, ಅವರ ಇನ್ನೊಂದು ಕೈ ಬಾಯಿಯ ಮೇಲಿತ್ತು ಎಂಬುದರಲ್ಲಿ ಅವನಿಗೆ ಅನುಮಾನವಿರಲಿಲ್ಲ. ನಾಳೆ ರಜೆ ಮುಗಿದು ಶಾಲೆ ತೆರೆಯುತ್ತದೆ. ಅತ್ತಿಗೆ ತೀರ ಚಿಕ್ಕ ಮಕ್ಕಳ ತರಗತಿಯ ಟೀಚರು. ಅವರ ಅರ್ಧ ಪಾಠ ಕಥೆ ಹೇಳುವುದು, ಇನ್ನರ್ಧ ನಗುವುದು. “ಹಲ್ಲಿಲ್ಲದ ಬಾಯಲ್ಲಿ ಹೋದ್ರೆ ಆ ಮಕ್ಕಳು ನನ್ನನ್ನೂ ತಮ್ಮ ಜೊತೆ ಬೆಂಚಲ್ಲಿ ಕೂರಿಸ್ಕೊಂಡುಬಿಡ್ತಾವೆ,” ಎಂದಿದ್ದರು, ಅಂಗೈಯ ಹಿಂದಿನಿಂದ. ಅಣ್ಣ ನಕ್ಕಿದ್ದ. ಇವನಿಗೆ ನಗು ಬಂದಿರಲಿಲ್ಲ.

ಯಾಕೆಂದರೆ ಹಲ್ಲು ಮುರಿದ ದಿನ ಅವರು ಮೊದಲು ಕರೆದದ್ದು ಇವನನ್ನು. ಅಣ್ಣ ಮನೆಯಲ್ಲಿರಲಿಲ್ಲ. ಹಿತ್ತಿಲ ಬಾಗಿಲಿನ ಮೆಟ್ಟಿಲಲ್ಲಿ ಕಾಲು ಜಾರಿ, ಮುಖ ಬಕೆಟ್ಟಿನ ಅಂಚಿಗೆ ಹೊಡೆದು, ಅಲ್ಲೇ ಕೂತು ಇವನಿಗೆ ಫೋನು ಮಾಡಿದ್ದರು, ಮತ್ತೆ ಮಾಡಿದ್ದರು, ಮತ್ತೆ. ಇವನ ಹಳೆಯ ಫೋನು ಅಂಗಿ ಜೇಬಿನಲ್ಲಿ ಸತ್ತುಬಿದ್ದಿತ್ತು. ಅರ್ಧ ಚಾರ್ಜು ಇದೆ ಎಂದು ತೋರಿಸುತ್ತಲೇ ಕಣ್ಣುಮುಚ್ಚುವ ಚಟ ಅದಕ್ಕೆ ಹತ್ತಿತ್ತು. ಅದು ಎಲ್ಲರಿಗೂ ಗೊತ್ತಿತ್ತು, ಬದಲಾಯಿಸು ಎಂದು ಎಲ್ಲರೂ ಹೇಳಿದ್ದರು. ನೋಡೋಣ, ನೋಡೋಣ ಎಂದುಕೊಂಡೇ ಬಂದಿದ್ದ. ಅವತ್ತು ಮನೆಗೆ ಬಂದಾಗ ಅತ್ತಿಗೆ ಪಕ್ಕದ ಮನೆಯವರ ಜೊತೆ ಆಸ್ಪತ್ರೆಗೆ ಹೋಗಿ, ತುಟಿಗೆ ಹೊಲಿಗೆ ಹಾಕಿಸಿಕೊಂಡು, ತಿರುಗಿ ಬಂದು ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತಿದ್ದರು. ಯಾಕೆ ಎತ್ತಲಿಲ್ಲ ಎಂದು ಕೇಳಲಿಲ್ಲ. ಕೇಳಿದ್ದರೆ ಒಳ್ಳೆಯದಿತ್ತು. ಕೇಳುವುದಕ್ಕೆ ಬದಲು, ತುಟಿಯ ಊತ ಇಳಿಯುವ ಮೊದಲೇ ಅಣ್ಣನನ್ನು ಕರೆದುಕೊಂಡು ಹೋಗಿ ಈ ಹೊಸ ಫೋನು ತಂದು ಅವನ ಊಟದ ತಟ್ಟೆಯ ಪಕ್ಕ ಇಟ್ಟಿದ್ದರು. “ಇನ್ಮೇಲೆ ಸಿಗ್ತೀಯ,” ಎಂದಿದ್ದರು ಅಷ್ಟೇ. ಅದರಲ್ಲಿ ಕೊಂಕಿರಲಿಲ್ಲ. ಅತ್ತಿಗೆಗೆ ಕೊಂಕು ಬರುವುದಿಲ್ಲ. ಅದಕ್ಕೇ ಅದು ಅವನಿಗೆ ನುಂಗಲಾಗದೆ ಗಂಟಲಲ್ಲೇ ನಿಂತ ಮಾತ್ರೆಯ ಹಾಗಿತ್ತು. ಥ್ಯಾಂಕ್ಸ್ ಎನ್ನಬೇಕಿತ್ತು. ತಟ್ಟೆಯನ್ನು ನೋಡುತ್ತ, ‘ಇಷ್ಟು ದೊಡ್ಡದು ಜೇಬಲ್ಲಿ ಹಿಡಿಯಲ್ಲ’ ಎಂದಿದ್ದ.

ಪುಟ್ಟ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಹತ್ತಿಯ ಮೇಲೆ, ಅತ್ತಿಗೆಯ ಹಲ್ಲು ಸಿದ್ಧವಾಗಿ ಮಲಗಿತ್ತು. ನಿನ್ನೆಯೇ ಮುಗಿಸಿದ್ದ. ಕೆಳಗಿನ ಅಂತಸ್ತಿನಲ್ಲಿ ಡಾಕ್ಟರಮ್ಮನ ಹಲ್ಲಿನ ಕ್ಲಿನಿಕ್ಕು, ಮೇಲೆ ಇವನ ಲ್ಯಾಬು. ಡಾಕ್ಟರಮ್ಮ ಬಾಯಿಯ ಅಳತೆ ತೆಗೆದು ಕಳಿಸುತ್ತಾರೆ. ಇವನು ಅದರಲ್ಲಿ ಪ್ಲಾಸ್ಟರ್ ಹೊಯ್ದು ಅಚ್ಚು ತೆಗೆದು, ಅಚ್ಚಿನ ಮೇಲೆ ಪಿಂಗಾಣಿ ಕಟ್ಟಿ, ಕುಲುಮೆಯಲ್ಲಿ ಸುಟ್ಟು, ಕೆಳಗೆ ಕೊಡುತ್ತಾನೆ. ಕಟ್ಟಡದವರೆಲ್ಲ ಅವನನ್ನು ಹಲ್ಲಿನ ಮೇಸ್ತ್ರಿ ಎನ್ನುತ್ತಾರೆ. ಮುಂಭಾಗದ ಹಲ್ಲಾದರೆ ಬಣ್ಣ ಹೊಂದಿಸುವುದೇ ದೊಡ್ಡ ಕೆಲಸ. ಮಾದರಿ ಹಲ್ಲುಗಳನ್ನು ಸಾಲಾಗಿ ಜೋಡಿಸಿದ ಶೇಡ್ ಪಟ್ಟಿಯನ್ನು ಬಾಯಿಯ ಪಕ್ಕ ಹಿಡಿದು ಯಾವುದು ಕೂಡುತ್ತದೆ ಎಂದು ನೋಡಬೇಕು. ಬೇರೆಯವರಾದರೆ ಅವನು ಕಿಟಕಿಯ ಹತ್ತಿರ ಕರೆದುಕೊಂಡು ಹೋಗಿ, ಹಗಲು ಬೆಳಕಿನಲ್ಲಿ ಎಷ್ಟು ಹೊತ್ತಾದರೂ ನೋಡುತ್ತಿದ್ದ, ಆಮೇಲೆ ನೆನಪಿಗೆ ಒಂದು ಫೋಟೋ ತೆಗೆದುಕೊಳ್ಳುತ್ತಿದ್ದ. ಹಳೆಯ ಫೋನಿನ ಕ್ಯಾಮೆರಾ ಸುಳ್ಳುಬುರುಕವೇ, ಎಲ್ಲ ಹಲ್ಲನ್ನೂ ಒಂದು ಛಾಯೆ ಹಳದಿಗೆ ತಿರುಗಿಸುತ್ತಿತ್ತು. ಆದರೆ ಅದರ ಸುಳ್ಳು ಅವನಿಗೆ ಬಾಯಿಪಾಠವಾಗಿತ್ತು. ಆ ಒಂದು ಛಾಯೆ ಕಳೆದರೆ ನಿಜ ಸಿಗುತ್ತಿತ್ತು. ಅಂಥ ಹಳೆಯ ಸುಳ್ಳುಗಾರನನ್ನು ಮೇಜಿನ ಖಾನೆಯಲ್ಲಿ ಬಟ್ಟೆ ಸುತ್ತಿ ಇಟ್ಟಿದ್ದ, ಎಸೆಯಲು ಮನಸ್ಸಾಗದೆ.

ಅತ್ತಿಗೆ ಅಳತೆಗೆ ಬಂದ ದಿನ ಮಾತ್ರ ಬೇರೆ ಆಯಿತು. ಡಾಕ್ಟರಮ್ಮ ಅವನನ್ನು ಮೇಲಿಂದ ಕೆಳಗೆ ಕರೆಸಿದರು. ಕುರ್ಚಿಯಲ್ಲಿ ಅತ್ತಿಗೆ ತಲೆ ಹಿಂದಕ್ಕೊರಗಿಸಿ, ಬಾಯಿ ತೆರೆದು, ಕಣ್ಣು ಮುಚ್ಚಿ ಕೂತಿದ್ದರು. ಅವನ ಕಾಲು ಬಾಗಿಲಲ್ಲೇ ನಿಂತಿತು. ಅವರ ಮುಖವನ್ನು ಅವನು ಅಷ್ಟು ಹತ್ತಿರದಿಂದ, ಅಷ್ಟು ನೇರವಾಗಿ ನೋಡಿದವನೇ ಅಲ್ಲ. ಅಣ್ಣ ಮದುವೆಯಾಗಿ ಅವರನ್ನು ಕರೆತಂದಾಗ ಇವನು ತಾಯಿ ಸತ್ತ ಹುಡುಗ, ಮೂರನೇ ಕ್ಲಾಸು. ಅವರೂ ಇನ್ನೂ ಹುಡುಗಿಯೇ. ಅಂದಿನಿಂದ ಇವನು ಅವರ ಜೊತೆ ಮಾತಾಡಿದ್ದೆಲ್ಲ ಅವರ ಕೈಗಳ ಜೊತೆ, ನೆಲದ ಜೊತೆ, ತಟ್ಟೆಯ ಜೊತೆ. ಭಯವಲ್ಲ, ಬೇಜಾರೂ ಅಲ್ಲ. ಮುಖ ನೋಡಿದರೆ ಏನಾದರೂ ಹೇಳಬೇಕಾಗುತ್ತದೆ ಎಂಬ ಅಂಜಿಕೆ, ಹೇಳಬೇಕಾದದ್ದು ಬಹಳ ಇತ್ತಲ್ಲ. ಅವತ್ತೂ ಕ್ಲಿನಿಕ್ಕಿನಲ್ಲಿ ಶೇಡ್ ಪಟ್ಟಿಯನ್ನು ತುಟಿಯ ಪಕ್ಕ ಹಿಡಿದು, ಹೊಸ ಫೋನನ್ನು ತನಗೂ ಅವರಿಗೂ ನಡುವೆ ಎತ್ತಿ, ಒಂದು ಫೋಟೋ ತೆಗೆದು, ‘ಆಯ್ತು’ ಎಂದು ಮೆಟ್ಟಿಲು ಹತ್ತಿಬಿಟ್ಟಿದ್ದ. ಮೇಲೆ ಬಂದು ನೋಡಿದರೆ ಫೋಟೋ ಎಷ್ಟು ಚೆನ್ನಾಗಿತ್ತು. ಕೊಟ್ಟ ಫೋನಿನ ಯೋಗ್ಯತೆ ಅದು ಎಂದುಕೊಂಡ. ಅತ್ತಿಗೆಯ ಮುಖ ನುಣುಪಾಗಿ, ಹಲ್ಲು ಬೆಳ್ಳಗೆ, ಬಿದ್ದ ನೋವಿನ ಸುಳಿವೇ ಇಲ್ಲದೆ ಹೊಳೆಯುತ್ತಿತ್ತು. ಅವರಿಗೆ ಅಷ್ಟೇನೂ ವಯಸ್ಸಾಗಿಲ್ಲ, ಅಷ್ಟೇನೂ ಪೆಟ್ಟಾಗಿಲ್ಲ ಎಂದು ಮನಸ್ಸು ಹಗುರಾಯಿತು. ಆ ಫೋಟೋ ನೋಡಿಯೇ ಹಲ್ಲು ಕಟ್ಟಿದ. ಪ್ಲಾಸ್ಟರಿನ ಅಚ್ಚಿನಲ್ಲಿ ಪಕ್ಕದ ಹಲ್ಲಿನ ಅಂಚಿಗೆ ಒಂದು ಸಣ್ಣ ಕುಳಿ ಕಂಡಿತ್ತು; ಫೋಟೋದಲ್ಲಿ ಅದಿರಲಿಲ್ಲ. ಹೊಯ್ಯುವಾಗ ಗಾಳಿಗುಳ್ಳೆ ಸೇರಿದೆ, ಎಂದುಕೊಂಡು ಮೇಣ ತುಂಬಿ ಸಮ ಮಾಡಿದ.

ಮಧ್ಯಾಹ್ನ ಊಟದ ಬಿಡುವಿನಲ್ಲಿ ಅವನು ಫೋನಿನ ಅಂಗಡಿಗೆ ಹೋದ. ಡಬ್ಬಿಯನ್ನು ಜೇಬಿನಲ್ಲೇ ಇಟ್ಟುಕೊಂಡಿದ್ದ, ಯಾಕೋ ಮೇಜಿನ ಮೇಲೆ ಬಿಟ್ಟುಬರಲು ಮನಸ್ಸಾಗಿರಲಿಲ್ಲ. ಸಂಜೆ ಅತ್ತಿಗೆ ಕರೆದರೆ ಇನ್ನೊಮ್ಮೆ ಕತ್ತರಿಸಬಾರದು, ಅಷ್ಟೇ ಅವನ ಆಸೆ. ಅಂಗಡಿಯಲ್ಲಿ ತಣ್ಣನೆಯ ಬೆಳಕು, ಗಾಜಿನ ಮೇಜುಗಳು, ಕುತ್ತಿಗೆಗೆ ಗುರುತಿನ ಚೀಟಿ ತೂಗಿಸಿಕೊಂಡ ಹುಡುಗಿ. ಅವಳ ಬೆರಳು ಪರದೆಯ ಮೇಲೆ ಓಡುವುದನ್ನು ನೋಡುತ್ತ ಅವನಿಗೆ ತನ್ನ ಬೆರಳುಗಳ ಬಗ್ಗೆ ನಾಚಿಕೆಯಾಗಿ ಅವನ್ನು ಜೇಬಿಗೆ ಸೇರಿಸಿದ. ಅವಳಿಗೆ ಎಲ್ಲವೂ ಸುಲಭ. ಎರಡೆರಡಿದ್ದ ಹೆಸರುಗಳನ್ನು ಒಂದು ಮಾಡಿದಳು. ಅಕ್ಷರ ದೊಡ್ಡದು ಮಾಡಿದಳು.

“ಮುಖದ ಲಾಕ್ ಯಾಕೆ ತೆಗೀತಿಲ್ಲ ಅಂದ್ರಿ ಅಂಕಲ್? ಮಾಸ್ಕ್ ಹಾಕ್ತೀರಾ? ಹಾಗಾದ್ರೆ ಇನ್ನೊಂದ್ಸಲ ಮುಖ ಕಲಿಸೋಣ. ಇಲ್ಲಿ ನೋಡಿ. ನಗಬೇಡಿ. ಹಾಂ, ಆಯ್ತು. ನಿಮ್ಮ ಹೆಸರಿನ ಪಕ್ಕಕ್ಕೆ ಒಂದು ಫೋಟೋನೂ ಹಾಕಿಬಿಡ್ತೀನಿ.”

ಅವಳು ತೆಗೆದು ತೋರಿಸಿದ ಫೋಟೋದಲ್ಲಿ ಯಾರೋ ಒಬ್ಬ ಇದ್ದ. ಇವನದೇ ಅಂಗಿ ಹಾಕಿಕೊಂಡ, ಇವನ ಒಳ್ಳೆಯ ದಿನಗಳ ತಮ್ಮನಂಥವನು. ಅವನು ಗಲ್ಲ ಸವರಿಕೊಂಡ. ಅಲ್ಲೊಂದು ಗಾಯದ ಕಲೆಯಿದೆ, ಬೆರಳಿಗೆ ಸಿಗುತ್ತದೆ. ನಾಲ್ಕನೇ ಕ್ಲಾಸಿನಲ್ಲಿ ಪಾರ್ಕಿನ ಜಾರುಬಂಡೆಯಿಂದ ಬಿದ್ದದ್ದು. ಅತ್ತಿಗೆ ಚಪ್ಪಲಿಯನ್ನೂ ಮೆಟ್ಟದೆ ಅವನನ್ನು ಎತ್ತಿಕೊಂಡು ಓಡಿದ್ದರು, ರಕ್ತ ಅವರ ತೋಳಿಗೆಲ್ಲ ಆಗಿತ್ತು, ಅವರು ಓಡುತ್ತ ಏದುಸಿರಿನಲ್ಲಿ ಏನೋ ಹೇಳುತ್ತಿದ್ದರು, ಅದೇನೆಂದು ಅವನಿಗೆ ನೆನಪಿಲ್ಲ. ಪರದೆಯಲ್ಲಿ ಗಲ್ಲ ನುಣ್ಣಗಿತ್ತು.

“ಇಲ್ಲಿ ನನಗೊಂದು ಕಲೆ ಇದೆಯಲ್ಲಮ್ಮ. ಎಲ್ಲಿ ಹೋಯ್ತು?”

“ಅದು ಬ್ಯೂಟಿ ಅಂಕಲ್. ಫೋನ್ ಬರ್ತಾನೇ ಆನ್ ಆಗಿರತ್ತೆ. ಚರ್ಮ ನೈಸಾಗತ್ತೆ, ಸುಕ್ಕು ಹೋಗತ್ತೆ, ಹಲ್ಲು ಬೆಳ್ಳಗಾಗತ್ತೆ. ಎಲ್ಲರೂ ಅದನ್ನೇ ಇಷ್ಟಪಡ್ತಾರೆ.”

“ಹಲ್ಲಾ?”

“ಹೂಂ. ಬೇಡ ಅಂದ್ರೆ ತೆಗೆದುಬಿಡ್ಲಾ?”

ಅವನು ಹೂಂ ಎಂದನೋ ಇಲ್ಲವೋ ಅವನಿಗೇ ತಿಳಿಯಲಿಲ್ಲ. ಜೇಬಿನಲ್ಲಿ ಡಬ್ಬಿಯ ಅಂಚು ತೊಡೆಗೆ ಒತ್ತುತ್ತಿತ್ತು. ಬಾಯೊಳಗಿನ ಹಲ್ಲನ್ನು ಫೋನು ಬೆಳ್ಳಗೆ ಮಾಡಿದೆ, ತುಟಿಯ ಹೊರಗೆ ಹಿಡಿದ ಪಟ್ಟಿಯನ್ನು ಹಾಗೇ ಬಿಟ್ಟಿದೆ. ಇವನು ಕಣ್ಣುಮುಚ್ಚಿಕೊಂಡು ಅತಿ ಬಿಳಿಯ ಮಾದರಿಗೆ ಹೊಂದಿಸಿದ್ದಾನೆ. ಐದು ಗಂಟೆಗೆ ಡಾಕ್ಟರಮ್ಮ ಅದನ್ನು ಕೂರಿಸಿದ್ದರೆ ಅತ್ತಿಗೆಯ ಬಾಯಲ್ಲಿ ಅದೊಂದೇ ದೀಪ ಹಚ್ಚಿದಂತೆ ಕಾಣುತ್ತಿತ್ತು. ಅವರು ಕನ್ನಡಿ ನೋಡಿ ಚೆನ್ನಾಗಿದೆ ಮರಿ ಎನ್ನುತ್ತಿದ್ದರು, ಖಂಡಿತ ಹಾಗೆಯೇ ಎನ್ನುತ್ತಿದ್ದರು, ಮತ್ತು ನಾಳೆ ತರಗತಿಯಲ್ಲಿ, ನಾಡಿದ್ದು, ನಿವೃತ್ತಿಯ ದಿನದವರೆಗೆ, ಬಾಯಿಗೆ ಅಂಗೈ ಅಡ್ಡ ಹಿಡಿದೇ ಕಥೆ ಹೇಳುತ್ತಿದ್ದರು. ಅಂಥ ನಗುವನ್ನು ತಾನೇ ಕೈಯಾರೆ ಮುಚ್ಚಿಸಿಬಿಡುತ್ತಿದ್ದೆನಲ್ಲ ಎಂದು ಅವನು ಜೇಬಿನೊಳಗಿನ ಡಬ್ಬಿಯನ್ನು ಹಿಡಿದುಕೊಂಡ. ಫೋನನ್ನು ಬೈಯೋಣವೆಂದರೆ ಅದು ತನ್ನ ಕೆಲಸ ತಾನು ಮಾಡಿತ್ತು. ಕಲೆ ಒರೆಸುವುದು ಅದರ ಕೆಲಸ. ಅದು ಒರೆಸಿದ್ದನ್ನು ನೋಡಿ ಹಗುರಾದದ್ದು ಇವನ ಮನಸ್ಸು. ಗಲ್ಲದ ಕಲೆ ಮಾಯವಾದದ್ದು ಕ್ಷಣದಲ್ಲಿ ತಿಳಿಯಿತು; ಅತ್ತಿಗೆಯ ಮುಖದಿಂದ ಏನೇನು ಮಾಯವಾಗಿದೆ ಎಂಬುದು ತಿಳಿಯಲಿಲ್ಲ, ಯಾಕೆಂದರೆ ಅಲ್ಲಿ ಏನೇನಿತ್ತು ಎಂಬುದನ್ನೇ ಅವನು ನೋಡಿಕೊಂಡಿರಲಿಲ್ಲ.

“ಅಂಕಲ್, ನೀರು ಬೇಕಾ?” ಎಂದಳು ಹುಡುಗಿ.

“ಬೇಡಮ್ಮ. ಬಹಳ ಉಪಕಾರ ಆಯ್ತು,” ಎಂದ. ಇಷ್ಟು ಸಣ್ಣ ಕೆಲಸಕ್ಕೆ ಅಷ್ಟು ದೊಡ್ಡ ಮಾತು ಕೇಳಿ ಅವಳು ಪಿಳಿಪಿಳಿ ನೋಡಿದಳು. ಅಪರಿಚಿತ ಹುಡುಗಿಗೆ ಎಷ್ಟು ಸಲೀಸಾಗಿ ಹೇಳಿಬಿಟ್ಟೆ ಎಂದು ರಸ್ತೆಗಿಳಿದ ಮೇಲೆ ಅವನಿಗೆ ಹೊಳೆಯಿತು.

ಲ್ಯಾಬಿಗೆ ಓಡಿ ಶೇಡ್ ಪಟ್ಟಿ ತೆಗೆದುಕೊಂಡು ಮನೆಗೆ ಬಂದ. ಹಗಲಿನ ಬೆಳಕು ಇನ್ನೂ ಗಟ್ಟಿಯಾಗಿತ್ತು. ಬಾಗಿಲು ತೆರೆದ ಅತ್ತಿಗೆಯ ಕೈ ತಾನಾಗಿ ಬಾಯಿಗೆ ಹೋಯಿತು. ಒಳಗಿನ ಕೋಣೆಯಿಂದ ಅಣ್ಣನ ಗೊರಕೆ, ಊಟದ ಮೇಲಿನದು, ಮನೆ ಕುಸಿದರೂ ನಿಲ್ಲದ್ದು, ಏರಿಳಿಯುತ್ತಿತ್ತು.

“ಏನೋ ಇಷ್ಟು ಹೊತ್ತಿಗೆ? ಮೈ ಸರಿ ಇಲ್ವಾ?”

“ಹಲ್ಲು ತಪ್ಪಾಗಿದೆ ಅತ್ತಿಗೆ. ಬಣ್ಣ ಕೂಡಲ್ಲ. ಇನ್ನೊಂದ್ಸಲ ನೋಡಬೇಕು.”

“ಫೋಟೋ ತೆಗೆದ್ಯಲ್ಲ.”

“ಫೋಟೋ ತೆಗೆದೆ. ನೋಡ್ಲಿಲ್ಲ.”

ಅತ್ತಿಗೆ ಅವನನ್ನೇ ನೋಡುತ್ತಿದ್ದರು. ಅವನು ಅವರ ಕೈಯನ್ನು. “ಫೋನ್ ಸರಿ ಇಲ್ವೇನೋ?” ಎಂದು ಅವರು ಮೆಲ್ಲಗೆ ಕೇಳಿದರು, ತಪ್ಪು ತಮ್ಮದೇ ಇರಬಹುದು ಎಂಬಂತೆ. “ನಿಮ್ಮಣ್ಣ ಬೇರೆ ತಗೊಳ್ಳೋಣ ಅಂದ್ರು. ನಾನೇ ಇದು ಚೆನ್ನಾಗಿದೆ ಅಂತ...”

“ಫೋನ್ ಸರಿಯಾಗೇ ಇದೆ. ನಾನೇ ಸರಿಯಾಗಿ ನೋಡ್ಲಿಲ್ಲ. ಕಿಟಕಿ ಹತ್ರ ಕೂತ್ಕೊಳ್ತೀರಾ?”

ಅಡುಗೆಮನೆಯ ಕಿಟಕಿಯ ಕೆಳಗೆ ಅವರು ಸ್ಟೂಲು ಎಳೆದುಕೊಂಡು ಕೂತರು. ಕೈ ಮಡಿಲಿಗಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಅದು ಇಳಿದ ಮೇಲೆ ಅವನು ನೋಡಿದ. ಮೊದಲು ಹಲ್ಲನ್ನಷ್ಟೇ ನೋಡಬೇಕೆಂದುಕೊಂಡಿದ್ದ, ಆದರೆ ಮುಖವೊಂದರಲ್ಲಿ ಹಲ್ಲನ್ನಷ್ಟೇ ನೋಡಲಾಗುವುದಿಲ್ಲ. ಮೇಲ್ದುಟಿಯ ಮೇಲೆ, ಹೊಲಿಗೆ ಬಿಚ್ಚಿದಲ್ಲಿ, ತೆಳ್ಳಗಿನ ಕೆಂಪು ಗೆರೆಯಿತ್ತು, ಫೋಟೋದಲ್ಲಿ ಇರಲಿಲ್ಲ. ಕಣ್ಣಿನ ಕೆಳಗೆ ಸಣ್ಣ ಸಣ್ಣ ಮಡಿಕೆಗಳಿದ್ದವು, ನಕ್ಕು ನಕ್ಕು ಆದವು, ಎಚ್ಚರವಿದ್ದು ಆದವು. ಅವನ ಪರೀಕ್ಷೆಗಳಿಗೆ, ಅವನ ಜ್ವರಗಳಿಗೆ, ಮದುವೆ ಬೇಡ ಎಂದು ಅವನು ಹಟ ಹಿಡಿದ ವರ್ಷಗಳಲ್ಲಿ ಅವನಿಗೂ ಅಣ್ಣನಿಗೂ ನಡೆದ ಜಗಳಗಳಿಗೆ ಇದೇ ಮುಖ ಕೂತು ಕಾದಿತ್ತು. ಇದನ್ನು ನೋಡದೆ ಇಷ್ಟು ದಿನ ಹೇಗೆ ಕಳೆದೆ ಎಂದು ಅವನಿಗೆ ದಿಗಿಲಾಯಿತು. ಅವರ ಬಾಯಿ ತೆರೆಯಿತು. ಅವನು ಶೇಡ್ ಪಟ್ಟಿಯಿಂದ ಒಂದೊಂದೇ ಮಾದರಿ ಹಲ್ಲನ್ನು ಎಳೆದು ಹತ್ತಿರ ಹಿಡಿದ. ಒಂದೇ ಸಮ ನೋಡಿದರೆ ಕಣ್ಣು ಮಂಕಾಗಿ ಎಲ್ಲ ಬಣ್ಣವೂ ಸರಿಯೆನ್ನಿಸತೊಡಗುತ್ತದೆ. ಅದಕ್ಕೆ ನಡುನಡುವೆ ಕಿಟಕಿಯಾಚೆಯ ಬೂದು ಗೋಡೆಯ ಮೇಲೆ ದೃಷ್ಟಿ ಇಟ್ಟು, ಮತ್ತೆ ತಿರುಗಿಸಿದ. ಬಿಳಿಯಲ್ಲ, ಹಳದಿಯೂ ಅಲ್ಲ. ಬುಡದ ಹತ್ತಿರ ಚಹಾದ ಬಣ್ಣ, ನಡುವೆ ಒಂದು ನೂಲಿನಷ್ಟು ಬಿರುಕಿನ ನೆರಳು, ತುದಿಯಲ್ಲಿ ಬೆಳಕು ಹಾಯುವಷ್ಟು ತೆಳು. ಎಷ್ಟು ಚೆಂದದ, ಎಷ್ಟು ದುಡಿದ ಹಲ್ಲು.

ಆಗ ಆ ಕುಳಿ ಕಂಡಿತು. ಮುರಿದ ಹಲ್ಲಿಗೆ ಒತ್ತಿಕೊಂಡ ಹಲ್ಲಿನ ಅಂಚಿನಲ್ಲಿ, ಒಳಮೂಲೆಗೆ, ಅರ್ಧ ಚಂದ್ರದಷ್ಟು ಸವೆದ ಗುರುತು. ಉಳಿದರ್ಧ ಮುರಿದ ಹಲ್ಲಿನ ಜೊತೆ ಹೋಗಿತ್ತು. ಗಾಳಿಗುಳ್ಳೆಯೆಂದು ಅವನು ಮೇಣ ತುಂಬಿ ಮುಚ್ಚಿದ್ದು ಇದನ್ನೇ. ಅದೇನೆಂದು ಅವನು ಕೇಳಬೇಕಾಗಲಿಲ್ಲ. ಶಾಲೆಗೆ ಹೊರಟವನ ಅಂಗಿಯ ಗುಂಡಿ ಕಿತ್ತುಬರುತ್ತಿತ್ತು, ದಿನ ಬಿಟ್ಟು ದಿನ, ಅಷ್ಟು ಹೊಡೆದಾಡುತ್ತಿದ್ದ. ಅಂಗಿ ಬಿಚ್ಚಲು ಹೊತ್ತಿಲ್ಲದೆ ಅತ್ತಿಗೆ ಅವನ ಮೈಮೇಲಿನ ಅಂಗಿಗೇ ಗುಂಡಿ ಹೊಲಿದು, ಕತ್ತರಿ ಹುಡುಕುವ ಗೋಜಿಗೆ ಹೋಗದೆ, ಅವನ ಎದೆಗೆ ಬಾಗಿ, ದಾರವನ್ನು ಹಲ್ಲಿನಲ್ಲಿ ಟಕ್ಕೆಂದು ಕಡಿಯುತ್ತಿದ್ದರು. ಅವರ ಉಸಿರು ಅಂಗಿಯ ಮೂಲಕ ಬೆಚ್ಚಗೆ ತಾಗುತ್ತಿತ್ತು. ಅವನು ಉಸಿರು ಬಿಗಿಹಿಡಿದು ಸೂರು ನೋಡುತ್ತ ನಿಂತಿರುತ್ತಿದ್ದ. ಸೂರಿನಲ್ಲಿ ಎಲ್ಲಿ ಬಿರುಕಿತ್ತು, ಎಲ್ಲಿ ಜೇಡವಿತ್ತು ಎಂದು ಇವತ್ತಿಗೂ ಹೇಳಬಲ್ಲ. ಅವನ ಗುಂಡಿಗಳು, ಅವನ ಚೀಲದ ಪಟ್ಟಿ, ಅವನ ಪ್ಯಾಂಟಿನ ಅಂಚು. ಅವನು ಬೆಳೆಯುತ್ತ ಹೋದದ್ದು ಆ ಹಲ್ಲಿನ ಮೇಲೆ ಬರೆದಿತ್ತು.

“ಆಯ್ತಾ?” ಎಂದರು ಅತ್ತಿಗೆ, ತೆರೆದ ಬಾಯಲ್ಲೇ, ಅಕ್ಷರವಿಲ್ಲದೆ.

“ಇನ್ನೊಂದು ಸ್ವಲ್ಪ.” ಬಣ್ಣ ಸಿಕ್ಕಿಯಾಗಿತ್ತು. ಆದರೂ ಅವನು ನೋಡುತ್ತಲೇ ಇದ್ದ. ಆಮೇಲೆ, ಅವರ ಬಾಯಿ ತೆರೆದೇ ಇದ್ದು ಉತ್ತರ ಕೊಡಲಾಗದ ಹೊತ್ತು ನೋಡಿ, ಹೇಡಿಯ ಹಾಗೆ ಹೇಳಿದ. “ಆ ದಿನ ನಾನು ಫೋನ್ ಎತ್ಲಿಲ್ಲ.”

ಅತ್ತಿಗೆ ಬಾಯಿ ಮುಚ್ಚಿದರು. ನಾಲಿಗೆಯಿಂದ ಒಣಗಿದ ತುಟಿ ಸವರಿಕೊಂಡರು. “ಸತ್ತ ಫೋನನ್ನ ಯಾರಿಗಾದ್ರೂ ಎತ್ತೋಕಾಗತ್ತೇನೋ?” ಎಂದರು. “ಅದನ್ನ ಇನ್ನೂ ತಲೇಲಿ ಇಟ್ಕೊಂಡಿದೀಯಾ? ನಾನು ಬಿದ್ದಾಗ ಮೊದಲು ನೆನಪಾದೋನು ನೀನು. ನೀನು ಎತ್ತಿದ್ರೂ ಹಲ್ಲು ಮುರಿದೇ ಇರ್ತಿತ್ತು. ಎತ್ತದೇ ಇದ್ರೂ ಕಟ್ಟಿಕೊಡೋನು ನೀನೇ ಅಂತ ಗೊತ್ತಿತ್ತು. ಅಲ್ಲೇ ಕೂತು ನಗು ಬಂತು ನಂಗೆ, ಅಷ್ಟು ನೋವಲ್ಲೂ.” ಅಣ್ಣನ ಗೊರಕೆ ಒಮ್ಮೆ ಕೊಕ್ಕೆ ಹಾಕಿ ನಿಂತು ಮತ್ತೆ ಹೊರಟಿತು. ಅತ್ತಿಗೆ ಆ ಕಡೆ ತಲೆ ಆಡಿಸಿದರು. “ಇಷ್ಟು ಹೊತ್ತು ಯಾರೂ ನನ್ನ ಮುಖ ನೋಡಿರ್ಲಿಲ್ಲ ಕಣೋ. ಅಲ್ಲಿ ಮಲಗಿದಾರಲ್ಲ, ಅವರೂ.”

ಅವನು ನಕ್ಕ. ನಗುತ್ತಲೇ ಎದ್ದು, ಪಟ್ಟಿಯನ್ನು ಜೇಬಿಗೆ ಹಾಕಿಕೊಂಡು, ಬರುತ್ತೇನೆಂದು ಹೇಳುವುದನ್ನೂ ಮರೆತು ಹೊರಟ. ಕಣ್ಣು ತುಂಬಿಕೊಂಡು ಮೆಟ್ಟಿಲು ಕಾಣದಷ್ಟಾಗಿತ್ತು. ಅದು ದುಃಖವಲ್ಲ. ತಾನು ಎಷ್ಟು ದೊಡ್ಡ ಆಸರೆಯಲ್ಲಿ ಬೆಳೆದೆ ಎಂಬ ಬೆರಗು, ಅದು ಇನ್ನೂ ಇದೆ ಎಂಬ ಸಮಾಧಾನ.

ಲ್ಯಾಬಿನಲ್ಲಿ ಅವನು ಅಚ್ಚಿನ ಮೇಲಿನ ಮೇಣವನ್ನು ಸೂಜಿಮೊನೆಯಿಂದ ಕೆರೆದು ತೆಗೆದ. ಕುಳಿ ಮತ್ತೆ ಬಾಯ್ತೆರೆಯಿತು. ಬಿಳಿಯ ಹಲ್ಲನ್ನು ಅದರ ಪಕ್ಕ ಕೂರಿಸಿ, ಸಣ್ಣ ಚಕ್ರದ ಕಲ್ಲಿನಿಂದ ಅದರ ಒಳಮೂಲೆಯನ್ನು ಹೂವಿನಷ್ಟು ಮೆಲ್ಲಗೆ ಸವೆಸಿ, ಎರಡರ್ಧ ಸೇರಿ ಒಂದು ಕಚ್ಚು ಆಗುವವರೆಗೆ ಸವೆಸಿ, ಆಮೇಲೆ ಕೂದಲೆಳೆಯ ಕುಂಚದಲ್ಲಿ ಮೈಗೆಲ್ಲ ಈಗ ಸಿಕ್ಕ ಮಾದರಿಯ ಬಣ್ಣ, ಬುಡಕ್ಕೆ ಚಹಾದ ಕಂದು, ನಡುವೆ ಬಿರುಕಿನ ನೆರಳು ಎಳೆದು ಕುಲುಮೆಗೆ ಇಟ್ಟ. ಅದು ಸುಡುತ್ತಿರುವಾಗ ಫೋನು ಏನೋ ಹೊಸ ನವೀಕರಣ ಬಂದಿ‍ದೆ, ಈಗ ಮಾಡಲೇ, ಆಮೇಲೆ ಮಾಡಲೇ ಎಂದು ಪೀಡಿಸಿತು. ಆಮೇಲೆ ಎಂದು ಒತ್ತಿದ. ಇನ್ನೂ ಅದರ ಮೇಲೆ ಸಿಟ್ಟಿತ್ತು, ಆದರೆ ಮನೆಯ ತುಂಟ ಮಗುವಿನ ಮೇಲಿನ ಸಿಟ್ಟಿನ ಹಾಗೆ. ಇದು ಸುಳ್ಳು ಹೇಳದೆ ಇದ್ದಿದ್ದರೆ ತಾನು ಆ ಕಿಟಕಿಯ ಹತ್ತಿರ ಹೋಗುತ್ತಲೇ ಇರಲಿಲ್ಲವಲ್ಲ.

ಐದು ಗಂಟೆಗೆ ಡಾಕ್ಟರಮ್ಮ ಹಲ್ಲನ್ನು ಇಕ್ಕಳದಲ್ಲಿ ಎತ್ತಿ ದೀಪಕ್ಕೆ ಹಿಡಿದರು. “ಬಣ್ಣ ಚೆನ್ನಾಗಿ ಬಂದಿದೆ. ಇಲ್ಲಿ ಅಂಚು ಸ್ವಲ್ಪ ಮುಕ್ಕಾಗಿದೆ, ಪಾಲಿಶ್ ಮಾಡಿಬಿಡ್ಲಾ?”

“ಬೇಡ ಡಾಕ್ಟರಮ್ಮ. ಅದು ಇರ್ಲಿ. ಬೇಕಂತಲೇ ಮಾಡಿದ್ದು.”

ಅವರು ಅವನನ್ನೂ, ಕುರ್ಚಿಯಲ್ಲಿ ಒರಗಿದವರನ್ನೂ ನೋಡಿ, ಸರಿ ಎಂದು ಕೂರಿಸಿದರು. ಅತ್ತಿಗೆಯ ಕೈಗೆ ಕನ್ನಡಿ ಕೊಟ್ಟರು. ಅತ್ತಿಗೆ ಮುಖವನ್ನು ಅತ್ತ ತಿರುಗಿಸಿ, ಇತ್ತ ತಿರುಗಿಸಿ, ಹಲ್ಲು ಕಿರಿದು, ಹುಬ್ಬು ಗಂಟಿಕ್ಕಿದರು.

“ಹೊಸದು ಯಾವುದು ಮರಿ?”

ಅವರ ನಾಲಿಗೆಯ ತುದಿ ಹಲ್ಲಿನ ಸಾಲಿನ ಮೇಲೆ ಓಡಿ, ಹೊಸದರ ಮೂಲೆಯಲ್ಲಿ ಆ ಕಚ್ಚನ್ನು ಮುಟ್ಟಿ, ಅಲ್ಲೇ ನಿಂತಿತು. ಕನ್ನಡಿ ಮೆಲ್ಲಗೆ ಮಡಿಲಿಗಿಳಿಯಿತು. ಕುರ್ಚಿಯಿಂದ ಇಳಿದು, ಅವನ ಹತ್ತಿರ ಬಂದು, ಅಂಗಿಯ ಮೇಲಿನ ಗುಂಡಿ ಗಟ್ಟಿಯಾಗಿದೆಯೇ ಎಂದು ಬೆರಳಲ್ಲಿ ತಿರುಗಿಸಿ ನೋಡಿ, ಹೊರಗೆ ಹೊರಟರು.

ರಸ್ತೆಯಲ್ಲಿ ಅವರು ಅವನಿಗಿಂತ ಸ್ವಲ್ಪ ಮುಂದೆ ನಡೆಯುತ್ತಿದ್ದರು, ಚೀಲದಲ್ಲಿ ಏನೋ ಹುಡುಕುತ್ತ. ಅವನ ಜೇಬಿನಲ್ಲಿ ಫೋನು ನಡುಗಿತು. ತೆಗೆದರೆ, ‘ಅತ್ತಿಗೆ’. ಒಬ್ಬರೇ ಈಗ. ತಲೆಯೆತ್ತಿದರೆ ಅವರು ಎದುರಿಗೇ, ಫೋನು ಕಿವಿಗಿಟ್ಟುಕೊಂಡು, ತಿರುಗದೆ ನಡೆಯುತ್ತಿದ್ದಾರೆ. ಪರೀಕ್ಷೆ. ಅವನು ಮೇಲಕ್ಕೆ, ಮೇಲಕ್ಕೆ ಎಂದುಕೊಳ್ಳುತ್ತ ಬೆರಳಿಟ್ಟ, ಬೆರಳು ತನ್ನ ಹಳೆಯ ದಾರಿ ಹಿಡಿದು ಬಲಕ್ಕೆ ಹೋಯಿತು, ಗಾಬರಿಯಲ್ಲಿ ಕೆಳಕ್ಕೆ ಬಂತು, ಅತ್ತಿಗೆ ಕಟ್ಟಾದರು.

ಅವರು ತಿರುಗಿದರು. ಎರಡೂ ಕೈಯಲ್ಲಿ ಚೀಲ, ಫೋನು; ಬಾಯಿಗೆ ಅಡ್ಡ ಏನೂ ಇಲ್ಲ. ನಗುತ್ತಿದ್ದರು, ಬೀದಿಯವರು ನೋಡುವಷ್ಟು. ಯಾವ ಹಲ್ಲು ಅವನು ಕಟ್ಟಿದ್ದು ಎಂದು ಅವನಿಗೂ ಆ ನಗುವಿನಲ್ಲಿ ಸಿಗಲಿಲ್ಲ. ಅವನು ನೆಲ ನೋಡಲಿಲ್ಲ.

“ಫೋನ್ ತುಂಬಾ ಚೆನ್ನಾಗಿದೆ ಅತ್ತಿಗೆ,” ಎಂದ. “ನೀವು ಕೊಟ್ಟಿದ್ದೆಲ್ಲಾ.” ಅವರು ನಗು ನಿಲ್ಲಿಸಿ ಅವನನ್ನೇ ನೋಡಿದರು.

“ಎತ್ತೋಕೇ ಬರಲ್ಲ, ಚೆನ್ನಾಗಿದೆಯಂತೆ,” ಎಂದರು. “ಇರು, ಇನ್ನೊಂದ್ಸಲ ಮಾಡ್ತೀನಿ.”

ಅವನ ಕೈಯಲ್ಲಿ ಫೋನು ಮತ್ತೆ ನಡುಗಿತು. ಅವನು ಅದರ ಕಡೆ ನೋಡಲಿಲ್ಲ, ಅವರನ್ನೇ ನೋಡುತ್ತ ನಿಂತ.